ರೊಟ್ಟಿ ಅಂಗಡಿಯ ಹೈಕೋರ್ಟು

ಅನಮೋಡ ಘಾಟ್ ಇಳಿದು ಮೊಲೆಂ ದಾಟಿದ ಲಾರಿ ಚಾಲಕರಿಗೆ ಮೂರು ವಿಷಯ ಒಟ್ಟಿಗೇ ನೆನಪಾಗುತ್ತವೆ. ಬ್ರೇಕು ಕಾದಿದೆ, ಹೊಟ್ಟೆ ಹಸಿದಿದೆ, ಸುಂದರವ್ವನಿಂದ ಬೈಸಿಕೊಂಡು ಬಹಳ ದಿನವಾಗಿದೆ. ಮೂರಕ್ಕೂ ಪರಿಹಾರ ಒಂದೇ ಕಡೆ ಸಿಗುತ್ತದೆ. ಹೆದ್ದಾರಿಯ ಎಡಕ್ಕೆ, ಗೇರು ಮರದ ಮುಂದೆ, ಡಾಂಬರಿನ ಡ್ರಮ್ಮುಗಳನ್ನು ಬಡಿದು ಚಪ್ಪಟೆ ಮಾಡಿ ಕಟ್ಟಿದ ರೊಟ್ಟಿ ಅಂಗಡಿ ಅದು. ಯಾವ ಪಂಚಾಯತಿಯ ಹದ್ದಿನಲ್ಲಿದೆ ಎಂದು ಮಾತ್ರ ಕೇಳಬೇಡಿ. ನಾವೂ ಅದೇ ರಸ್ತೆಯಲ್ಲಿ ಓಡಾಡುವವರು, ಹೆಸರು ಹೇಳಿ ಯಾಕೆ ಕಷ್ಟ ತಂದುಕೊಳ್ಳುವುದು.

ಸುಂದರವ್ವ ಸಿಂದಗಿ ಕಡೆಯವಳು. ಇಪ್ಪತ್ತೇಳು ವರ್ಷದ ಹಿಂದೆ ಗಂಡ ಶಂಕರಲಿಂಗನ ಜೊತೆ ರಸ್ತೆ ಕೆಲಸಕ್ಕೆಂದು ಗೋವಾಕ್ಕೆ ಬಂದಳು. ಎಂಟು ವರ್ಷಕ್ಕೆ ರಸ್ತೆ ಮುಗಿಯಿತು, ಗುತ್ತಿಗೆದಾರ ಹೋದ, ಇವರು ಉಳಿದರು. ಖಾಲಿ ಡ್ರಮ್ಮುಗಳನ್ನು ಶಂಕರಲಿಂಗ ಒಂದೊಂದಾಗಿ ಕೊಯ್ದು, ಬಡಿದು, ಹಾಳೆ ಮಾಡಿ ಹೆಂಡತಿಗೆ ಅಂಗಡಿ ಕಟ್ಟಿಕೊಟ್ಟ. ಹನ್ನೊಂದು ವರ್ಷದ ಹಿಂದೆ ಅವನು ತೀರಿಹೋದ ಮೇಲೆ ಆ ಗೋಡೆಗೆ ಸುಂದರವ್ವ ಒಂದು ಮೊಳೆ ಹೊಡೆಯಲೂ ಬಿಟ್ಟಿಲ್ಲ. ಕ್ಯಾಲೆಂಡರು ಕೂಡ ಮೇಲಿನ ಬಿದಿರಿಗೆ ದಾರ ಕಟ್ಟಿಸಿಕೊಂಡು ನೇತಾಡುತ್ತದೆ. ಅವಳಿಗೆ ಮಕ್ಕಳಿಲ್ಲ. ಇರುವುದು ಅದೊಂದು ಗೋಡೆ, ಒಂದು ಹಂಚು, ಮತ್ತು ಘಾಟಿನ ತಿರುವಿನವರೆಗೂ ಕೇಳಿಸುವ ಗಂಟಲು.

ಆ ಗೋಡೆಗೇ ಕುತ್ತು ಬಂತು. ಮಳೆಗಾಲ ಮುಗಿಯುತ್ತಿದ್ದಂತೆ ಪಂಚಾಯತಿಯವನೊಬ್ಬ ಬಂದು ನೋಟಿಸು ಕೊಟ್ಟ. ಅಂಗಡಿ ರಸ್ತೆಯ ಜಾಗದಲ್ಲಿದೆ, ಏಳು ದಿನದಲ್ಲಿ ತೆಗೆಯದಿದ್ದರೆ ನಾವೇ ಕೆಡವುತ್ತೇವೆ ಎಂದು ಅದರಲ್ಲಿತ್ತು. ಸುಂದರವ್ವ ಮೊದಲು ತಂದವನನ್ನು ಬೈದಳು, ಆಮೇಲೆ ಬರೆದವನನ್ನು ಬೈದಳು, ಕಡೆಗೆ ಒಲೆಯ ಹೊಗೆಯ ನೆಪದಲ್ಲಿ ಅತ್ತಳು. ಹೊಸಪೇಟೆಗೂ ವಾಸ್ಕೋಗೂ ಲಾರಿ ಹೊಡೆಯುವ ಮಲಿಕಸಾಬ ಅಲ್ಲೇ ಊಟಕ್ಕೆ ಕೂತಿದ್ದ. ಅವನು ಆ ಕಾಗದವನ್ನು ಫೋನಿನಲ್ಲಿ ಫೋಟೋ ಹೊಡೆದು, ತನ್ನ ಅಪಘಾತದ ಕೇಸು ನಡೆಸಿದ್ದ ಸಾಂಖಳಿಯ ವಕೀಲೆ ಅಶ್ವಿನಿಗೆ ಕಳಿಸಿದ. ಬಡವರ ಕೇಸನ್ನು ಶುಲ್ಕವಿಲ್ಲದೆ ನಡೆಸುವ ಸರ್ಕಾರಿ ವ್ಯವಸ್ಥೆಯೊಂದಿದೆ, ಅದರಲ್ಲಿ ಅವಳೂ ಇದ್ದಳು. ಹೀಗೆ ಸುಂದರವ್ವನ ಹೆಸರು ಪರ್ವರಿಯ ಹೈಕೋರ್ಟಿಗೆ ಹೋಯಿತು.

ಕೋರ್ಟಿನ ದಿನ ಅವಳು ಇಳಕಲ್ ಸೀರೆ ಉಟ್ಟು, ಜಡ್ಜ್ ಸಾಹೇಬರಿಗೆಂದು ಹನ್ನೆರಡು ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮಲಿಕಸಾಬನ ಲಾರಿಯಲ್ಲಿ ಹೊರಟಳು. ಬಾಗಿಲಲ್ಲಿ ಪೊಲೀಸಿನವನು ಗಂಟು ಬಿಚ್ಚಿಸಿ ನೋಡಿ, ಇದು ಒಳಗೆ ಹೋಗುವುದಿಲ್ಲ ಎಂದ. "ಹಂಗಾರ ನೀನರ ತಿನ್ನು" ಎಂದು ಅವನ ಕೈಗೇ ಕೊಟ್ಟು ಒಳಗೆ ಹೋದಳು.

ಕೇಸು ನಡೆದದ್ದು ಒಂದು ರೊಟ್ಟಿ ಬೇಯುವಷ್ಟು ಹೊತ್ತು. ನ್ಯಾಯಮೂರ್ತಿಗಳು ಕೇಳಿದ್ದು ಒಂದೇ ಪ್ರಶ್ನೆ. ಕೆಡವಬೇಕೆಂದು ತೀರ್ಮಾನಿಸುವ ಮೊದಲು ಈ ಹೆಂಗಸಿನ ಮಾತನ್ನು ಕೇಳಿದ್ದೀರಾ? ಪಂಚಾಯತಿಯ ವಕೀಲ ಕಾಗದ ತಿರುವಿದ, ಮತ್ತೆ ತಿರುವಿದ, ಹಿಂದೆ ಕೂತವನ ಕಡೆ ನೋಡಿದ. ಅಷ್ಟೇ. ಮೆಟ್ಟಿಲ ಮೇಲೆ ಅಶ್ವಿನಿ ಹಿಂದಿಯಲ್ಲಿ ಆದೇಶವನ್ನು ವಿವರಿಸತೊಡಗಿದಳು. ನೋಟಿಸು ರದ್ದಾಗಿದೆ ಎಂಬ ಮೊದಲ ಮಾತು ಕೇಳುತ್ತಲೇ ಮಲಿಕಸಾಬ, "ಗೆದ್ದೀ ಸುಂದರಕ್ಕಾ!" ಎಂದು ಕೂಗಿ ಕುಣಿದ. ಅಷ್ಟರಲ್ಲಿ ಹೊರಗೆ ಅವನ ಲಾರಿಗೆ ಪೊಲೀಸರು ಸೀಟಿ ಊದತೊಡಗಿದ್ದರಿಂದ, ಉಳಿದದ್ದನ್ನು ಕೇಳದೆ ಓಡಿಹೋದ. ಉಳಿದದ್ದನ್ನೆಲ್ಲ ಅಶ್ವಿನಿ ಸುಂದರವ್ವನೊಬ್ಬಳಿಗೇ ಹೇಳಿದಳು. ಸುಂದರವ್ವನ ಹಿಂದಿ ಕೂಡು, ತಿನ್ನು, ಏಳು ಎಂಬಷ್ಟರದ್ದು. ಆದರೂ ಎಲ್ಲದಕ್ಕೂ ಗೋಣು ಹಾಕಿದಳು. ಗೆದ್ದವರು ಗೋಣು ಹಾಕದೆ ಇನ್ನೇನು ಮಾಡುತ್ತಾರೆ.

ಆದೇಶದ ಪ್ರತಿ ಒಂದು ಬುಧವಾರ ಟಪಾಲಿನಲ್ಲಿ ಬಂತು. ನಾಲ್ಕು ಹಾಳೆ ಇಂಗ್ಲಿಷು, ಕೊನೆಯಲ್ಲಿ ದುಂಡನೆಯ ಮುದ್ರೆ. ಬೇರೆಯವರಾಗಿದ್ದರೆ ಅದನ್ನು ಯಾರಿಂದಾದರೂ ಓದಿಸುತ್ತಿದ್ದರು. ಸುಂದರವ್ವ ಸ್ನಾನ ಮಾಡಿ ಬಂದು, ಅದನ್ನು ದೇವರ ಗೂಡಿನಲ್ಲಿ ಸಿದ್ಧೇಶ್ವರನ ಪಟದ ಪಕ್ಕ ನಿಲ್ಲಿಸಿ, ಮುದ್ರೆಯ ಮೇಲೆ ಅರಿಸಿನ ಕುಂಕುಮ ಒತ್ತಿ, ಅಕ್ಕಿ, ಬೆಲ್ಲ, ಉತ್ತತ್ತಿ ಹಾಕಿ ಉಡಿ ತುಂಬಿದಳು. ಐದು ಸೋಮವಾರ ಪೂಜೆ ಮಾಡುತ್ತೇನೆ, ಅಲ್ಲಿಯವರೆಗೆ ಕದಲಿಸುವುದಿಲ್ಲ ಎಂದು ಹರಕೆ ಹೊತ್ತಳು. ಅಶ್ವಿನಿ ಅದೇ ದಿನ ಮಲಿಕಸಾಬನ ಫೋನಿಗೆ ಉದ್ದದ ಸಂದೇಶವನ್ನೂ ಎರಡು ಹಾಳೆಯ ಒಂದು ಜವಾಬನ್ನೂ ಕಳಿಸಿದ್ದಳು. ಅವನು ಸ್ಟೇರಿಂಗ್ ಹಿಡಿದೇ ಒಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಕಳಿಸಿದ. ಓದಲು ಮಾತ್ರ ಹೋಗಲಿಲ್ಲ.

ಆಮೇಲೆ ಸುಂದರವ್ವನನ್ನು ಹಿಡಿಯುವವರೇ ಇಲ್ಲವಾದರು. ಹೈಕೋರ್ಟಿನಲ್ಲಿ ಗೆದ್ದವಳು ಎಂಬ ಸುದ್ದಿ ಹುಬ್ಬಳ್ಳಿಯವರೆಗೆ ಹೋಯಿತು. ಚಾಲಕರು ತಮ್ಮ ಜಗಳಗಳನ್ನು ರೊಟ್ಟಿಯ ಜೊತೆಗೆ ತರತೊಡಗಿದರು. ಅವಳು ಹಿಟ್ಟು ನಾದುತ್ತಲೇ ಕೇಳುತ್ತಿದ್ದಳು, ರೊಟ್ಟಿ ಬಡಿಯುತ್ತಲೇ ತೀರ್ಪು ಕೊಡುತ್ತಿದ್ದಳು. ತೀರ್ಪು ಪಾಲಿಸದವನಿಗೆ ರೊಟ್ಟಿ ಇಲ್ಲ. ಪರ್ವರಿಯ ಕೋರ್ಟಿಗೂ ಇಷ್ಟು ಬೇಗ ಜಾರಿ ಮಾಡುವ ಶಕ್ತಿ ಇರಲಿಕ್ಕಿಲ್ಲ.

ಗೇರು ಮರದ ನೆರಳಲ್ಲಿ ಲಾರಿ ಯಾರು ನಿಲ್ಲಿಸಬೇಕು ಎಂದು ಮುತ್ತು ಮತ್ತು ಮಂಜು ಎಂಬ ಒಂದೇ ಊರಿನ ಇಬ್ಬರು ಕಿತ್ತಾಡಿಕೊಂಡು ಬಂದರು. ಹನ್ನೆರಡರವರೆಗೆ ಮುತ್ತು, ಆಮೇಲೆ ಮಂಜು ಎಂದು ತೀರ್ಪಾಯಿತು. ಹನ್ನೆರಡರವರೆಗೆ ಆ ಮರದ ನೆರಳು ರಸ್ತೆಯ ಕಡೆ ಬೀಳುವುದೇ ಇಲ್ಲ ಎಂದು ಮುತ್ತುವಿಗೆ ಮರುದಿನ ಗೊತ್ತಾಯಿತು, ಆದರೆ ಸುಂದರವ್ವನ ಮೇಲೆ ಮೇಲ್ಮನವಿ ಹಾಕುವ ಜಾಗ ಇರಲಿಲ್ಲ. ಮಲಿಕಸಾಬನ ಹೆಂಡತಿ ಮಾಶಾಬಿ, ಗಂಡ ಮನೆಗೆ ಫೋನೇ ಮಾಡುವುದಿಲ್ಲ ಎಂದು ಸವಣೂರಿನಿಂದಲೇ ದೂರು ಕೊಟ್ಟಳು. ಬಂದಾಗಲೆಲ್ಲ ಒಲೆಯ ಮುಂದೆ ನಿಂತು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಚ್ಚಿ ಹೆಂಡತಿಯ ಜೊತೆ ಮಾತಾಡಬೇಕು ಎಂದು ಅವನಿಗೆ ಆದೇಶವಾಯಿತು. ಪಾಪ, ಅವನು ಪಾಲಿಸಿದ.

ಮೂರನೆಯದು ಜಾಕೀರ ಎಂಬ ಚಾಲಕನ ಹೊಟ್ಟೆಯ ಕೇಸು. ಸುಂದರವ್ವನ ಅಂಗಡಿಯಿಂದ ಎಂಟು ಹೆಜ್ಜೆ ಹಿಂದೆ, ಗೇರು ಮರದ ಬುಡದಲ್ಲಿ ದ್ರಾಕ್ಷಾಯಿಣಿ ಮಿರ್ಚಿ ಭಜಿ ಮಾಡುತ್ತಿದ್ದಳು. ಅದು ಖಾಸಗಿ ತೋಟದ ಅಂಚು. ತೋಟದ ಮಾಲೀಕರು ಒಪ್ಪಿ ಕೊಟ್ಟ ಜಾಗವಾದ್ದರಿಂದ ಅವಳಿಗೆ ನೋಟಿಸು ಬಂದಿರಲಿಲ್ಲ. ಸುಂದರವ್ವನಿಗಿಂತ ಹತ್ತು ವರ್ಷ ಚಿಕ್ಕವಳು. ಇಪ್ಪತ್ತು ವರ್ಷದಿಂದ "ಅಕ್ಕಾ" ಎನ್ನದೆ ಮಾತು ಶುರು ಮಾಡಿದವಳಲ್ಲ. ಜಾಕೀರ ಬಂದು, ಅವಳ ಮಿರ್ಚಿ ತಿಂದು ಘಾಟ್ ಹತ್ತುವಾಗ ನಾಲ್ಕು ಕಡೆ ಗಾಡಿ ನಿಲ್ಲಿಸಬೇಕಾಯಿತು, ನಾಲ್ಕನೇ ಕಡೆ ಮಂಗಗಳ ಮುಂದೆ ಮಾನ ಹೋಯಿತು ಎಂದು ಹೊಟ್ಟೆ ಹಿಡಿದುಕೊಂಡು ಹೇಳಿದ. ಎಲ್ಲರೂ ನಕ್ಕರು. ನಗು ಬಂದ ಭರದಲ್ಲಿ ಸುಂದರವ್ವ, "ಅಕೀ ಎಣ್ಣಿ ಸರಿ ಇಲ್ಲ. ಇವತ್ತಿಂದ ಯಾರೂ ಅಕೀ ಮಿರ್ಚಿ ತಿನ್ನೂ ಹಂಗಿಲ್ಲ. ತಿಂದವರಿಗೆ ನನ್ನ ರೊಟ್ಟಿ ಇಲ್ಲ" ಎಂದು ಹೇಳಿ, ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಚಾಲಕರು ಮಿರ್ಚಿಯನ್ನು ಬಿಟ್ಟರೂ ರೊಟ್ಟಿಯನ್ನು ಬಿಡುವವರಲ್ಲ. ಹತ್ತು ದಿನಕ್ಕೆ ದ್ರಾಕ್ಷಾಯಿಣಿ ಒಲೆ ಎತ್ತಿಕೊಂಡು ಕುಡಚಡೆಯ ರೈಲು ನಿಲ್ದಾಣದ ಹತ್ತಿರ ಹೋಗಿಬಿಟ್ಟಳು. ಹೋಗುವಾಗ ಅಂಗಡಿಯ ಕಡೆ ನೋಡಲಿಲ್ಲ. ಸೊಕ್ಕು ಎಂದುಕೊಂಡು ಸುಂದರವ್ವ ಸುಮ್ಮನಾದಳು.

ಪಂಚಾಯತಿಯವನೂ ಒಮ್ಮೆ ಬಂದ. ದೇವರ ಗೂಡಿನಲ್ಲಿ ಆದೇಶಕ್ಕೆ ಊದುಬತ್ತಿ ಹಚ್ಚಿದ್ದನ್ನು ನೋಡಿದ, ನೇತಾಡುವ ಕ್ಯಾಲೆಂಡರು ನೋಡಿದ, ನಕ್ಕು ಹೊರಟ. ಹೆದರಿದ ಎಂದು ಇವಳು ಊರಿಗೆಲ್ಲ ಹೇಳಿದಳು.

ಮೂವತ್ತನೇ ದಿನ ಶುಕ್ರವಾರ. ಹನ್ನೊಂದೂವರೆಗೆ ಮಲಿಕಸಾಬ ಒಲೆಯ ಮುಂದೆ ನಿಂತು, ಆದೇಶದ ಪ್ರಕಾರ ಮಾಶಾಬಿಗೆ ಫೋನು ಮಾಡಲು ಹೊರಟಿದ್ದ. ಅಷ್ಟರಲ್ಲಿ ಅಶ್ವಿನಿಯ ಫೋನೇ ಬಂತು. ಅಭ್ಯಾಸದಂತೆ ಸ್ಪೀಕರ್ ಹಚ್ಚಿದ. ಪಂಚಾಯತಿಗೆ ಜವಾಬು ಕೊಟ್ಟಿರಾ ಎಂದು ಅವಳು ಕೇಳಿದಳು. ಯಾವ ಜವಾಬು ಎಂದು ಇವನು ಕೇಳಿದ. ಆಮೇಲೆ ಅವಳು ಹೇಳಿದ್ದನ್ನು ಮಲಿಕಸಾಬ ಒಂದೊಂದೇ ತುತ್ತಾಗಿ ಕನ್ನಡಕ್ಕೆ ತಂದ. ಗೆದ್ದದ್ದು ಅಂಗಡಿಯನ್ನಲ್ಲ, ಮಾತಾಡುವ ಅವಕಾಶವನ್ನು. ಆದೇಶದ ಪ್ರತಿ ಸಿಕ್ಕ ಮೂವತ್ತು ದಿನದೊಳಗೆ ಅದರ ಜೊತೆ ಪಂಚಾಯತಿಗೆ ಲಿಖಿತ ಜವಾಬು ಕೊಡಬೇಕು. ಕೊಟ್ಟರೆ ಪಂಚಾಯತಿ ಕರೆದು ಕೇಳಬೇಕು, ಕೇಳುವವರೆಗೆ ಮುಟ್ಟಬಾರದು. ಕೊಡದಿದ್ದರೆ ಅವರು ಕಾನೂನಿನ ಪ್ರಕಾರ ಕೆಡವಬಹುದು. ಗಡುವು ಇವತ್ತು ಐದು ಗಂಟೆ. ಜೊತೆಗೆ ಅಂಗಡಿ ಎಷ್ಟು ವರ್ಷದಿಂದ ಇದೆ ಎಂದು ಕಣ್ಣಾರೆ ಕಂಡ ನೆರೆಯವರೊಬ್ಬರ ಸಹಿಯಾದ ಹೇಳಿಕೆ ಬೇಕು.

"ನೀ ಹೆಬ್ಬೆಟ್ಟು ಕಳಿಸಿದಿ ಅಂತಾಳಲ್ಲೋ ಅಕೀ" ಎಂದಳು ಸುಂದರವ್ವ.

"ನಿನಗ ಮೆಟ್ಟಲ ಮ್ಯಾಲೆ ನಿಂತು ಹೇಳಿದೆ ಅಂತಾಳಕ್ಕಾ. ನೀನೂ ಗೋಣ ಹಾಕಿದಿಯಂತ."

ಇಬ್ಬರಿಗೂ ಬೈಯಲು ಇನ್ನೊಬ್ಬರು ಸಿಗಲಿಲ್ಲ. ಸುಂದರವ್ವ ದೇವರ ಗೂಡಿನ ಮುಂದೆ ಹೋಗಿ ನಿಂತಳು. ಐದನೆಯ ಸೋಮವಾರಕ್ಕೆ ಇನ್ನೂ ಮೂರು ದಿನವಿತ್ತು. "ಮೂವತ್ತು ದಿನ ನಿನ್ನ ಮುಂದನ ಇಟ್ಟಿದ್ನೆಲ್ಲೋ ಸಿದ್ಧೇಶ್ವರಾ. ನನಗ ಇಂಗ್ಲಿಷ್ ಬರೂದಿಲ್ಲ ಖರೇ, ನಿನಗೂ ಬರೂದಿಲ್ಲೇನು?" ಎಂದು ಕೇಳಿ, ಉಡಿಯ ಅಕ್ಕಿ ಕೊಡವಿ ಆದೇಶವನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಕಣ್ಣಾರೆ ಕಂಡ ನೆರೆಯವರು ಅಂದರೆ ಯಾರು? ಆ ರಸ್ತೆಯಲ್ಲಿ ಅಂಗಡಿಗಳು ಬಂದವು, ಹೋದವು. ಶಂಕರಲಿಂಗ ಡ್ರಮ್ಮು ಬಡಿಯುವಾಗ ಹಾಳೆಯ ಇನ್ನೊಂದು ತುದಿ ಹಿಡಿದು ನಿಂತವಳು ಒಬ್ಬಳೇ ಇದ್ದಳು. ಹತ್ತೊಂಬತ್ತು ವರ್ಷದ ಹಿಂದಿನ ಆ ಮಧ್ಯಾಹ್ನ ನೆನಪಾಗಿ ಸುಂದರವ್ವ ಗೇರು ಮರದ ಬುಡದ ಖಾಲಿ ಜಾಗವನ್ನು ನೋಡಿದಳು. ಮಲಿಕಸಾಬ ಅವಳ ಮುಖ ನೋಡಿ ಲಾರಿ ಚಾಲು ಮಾಡಿದ.

ಕುಡಚಡೆ ಮುಟ್ಟಿದಾಗ ಒಂದು ಗಂಟೆ. ದ್ರಾಕ್ಷಾಯಿಣಿ ನಿಲ್ದಾಣದ ಹೊರಗೆ, ಒಂದು ಹರಿದ ಛತ್ರಿಯ ಕೆಳಗೆ ಎಣ್ಣೆ ಕಾಯಿಸಿಕೊಂಡು ಕೂತಿದ್ದಳು. ಗಿರಾಕಿ ಯಾರೂ ಇರಲಿಲ್ಲ. ಇವರನ್ನು ನೋಡಿ ಏಳಲಿಲ್ಲ.

"ಬರ್ರಿ ಸುಂದರವ್ವಾರ" ಎಂದಳು.

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳ ಬಾಯಲ್ಲಿ ಅಕ್ಕ ಹೋಗಿ ಸುಂದರವ್ವಾರ ಬಂದಿತ್ತು. ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಸುಂದರವ್ವ ನಿಂತಲ್ಲೇ ಗಡಬಡಿಸಿ ಎಲ್ಲ ಹೇಳಿದಳು. ಗಡುವು, ಜವಾಬು, ಸಹಿ, ಐದು ಗಂಟೆ.

"ಮಾಡೂಣ್ರಿ" ಎಂದಳು ದ್ರಾಕ್ಷಾಯಿಣಿ. "ಮೊದಲ ನನ್ನ ಕೇಸ ಕೇಳ್ರಿ. ಕೂಡ್ರಿ."

"ಟೈಮ್ ಇಲ್ಲವಾ..."

"ನಡುವ ಮಾತಾಡಬ್ಯಾಡ್ರಿ. ಪರ್ವರಿಯೊಳಗ ನಿಮ್ಮ ಕೇಸ ನಡೀವಾಗ ನಡುವ ಯಾರರ ಬಾಯಿ ಹಾಕಿದ್ರೇನು?"

ಸುಂದರವ್ವ ಎಣ್ಣೆ ಡಬ್ಬಿಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. ದ್ರಾಕ್ಷಾಯಿಣಿ ಯಾವ ಅವಸರವೂ ಇಲ್ಲದೆ ಇಪ್ಪತ್ತು ವರ್ಷದ ಹಿಂದಿನಿಂದ ಶುರು ಮಾಡಿದಳು. ಮದುವೆಯಾಗಿ ಬಂದದ್ದು, ಗಂಡ ಬಿಟ್ಟುಹೋದದ್ದು, ಮೊದಲ ಒಲೆ ಹಚ್ಚಲು ಕೆಂಡ ಕೊಟ್ಟದ್ದು ಯಾರು ಎಂಬುದು. ಒಂದು ರೈಲು ಬಂತು, ಹೋಯಿತು. ಮಲಿಕಸಾಬ ಲಾರಿಯ ಸುತ್ತ ತಿರುಗಿ ಟೈರು ಒದ್ದು ನೋಡಿದ, ಫೋನು ತೆಗೆದು ಗಂಟೆ ನೋಡಿದ, ಮತ್ತೆ ಟೈರು ಒದ್ದ. ಸುಂದರವ್ವ ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಮುಚ್ಚಿಕೊಂಡಳು. ಸುಮ್ಮನೆ ಕೇಳುವುದು ಇಷ್ಟು ಕಷ್ಟದ ಕೆಲಸ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

"ಈಗ ಜಾಕೀರಂದು" ಎಂದಳು ದ್ರಾಕ್ಷಾಯಿಣಿ. "ನನ್ನ ಕಡೆ ಎರಡ ಮಿರ್ಚಿ ತಿಂದ. ಎರಡ. ಆಮ್ಯಾಲೆ ನಿಮ್ಮ ಕಡೆ ಬಂದು ನಾಕ ಲೋಟಾ ಮಜ್ಜಿಗಿ ಕುಡದ. ಆ ಮಜ್ಜಿಗಿ ಅವತ್ತಿಂದಲ್ಲ, ಎರಡ ದಿನದ್ದು. ನೀವು ಗಡಗಿ ಮುಚ್ಚಳಾ ತೆಗದ್ರ ನನ್ನ ಒಲಿತನಕ ವಾಸನಿ ಬರತಿತ್ತು. ಇದನ್ನ ಹೇಳಬೇಕಂತ ನಾ ಕಾಯ್ಕೋತ ಕುಂತೆ. ಕರೀತೀರಿ, ಕೇಳ್ತೀರಿ ಅಂತ. ನೀವು ಅಲ್ಲೇ ಕುಂತು ನನ್ನ ಎಣ್ಣಿಗೆ ಹೆಸರಿಟ್ಟು ನಗಾಕತ್ತಿದ್ರಿ, ಎಲ್ಲಾ ನನಗ ಕೇಳಸ್ತಿತ್ತು. ಎಂಟ ಹೆಜ್ಜಿ. ಎಂಟ ಹೆಜ್ಜಿ ದೂರ ಇದ್ದೆ ನಾ. ನಿಮಗ ಒಂದ ಮಾತ ಕೇಳಾಕ ಆಗಲಿಲ್ಲ."

ಸುಂದರವ್ವನಿಗೆ ಆ ಮಜ್ಜಿಗೆ ನೆನಪಿತ್ತು. ಚೆಲ್ಲಲು ಮನಸ್ಸಾಗದೆ ಉಪ್ಪು, ಇಂಗು ಹೆಚ್ಚು ಹಾಕಿ ಕಲಕಿದ್ದಳು. ಮೈಯೆಲ್ಲ ನಾಚಿಕೆಯಾಯಿತು. ತನ್ನ ಅಂಗಡಿಗೆ ಬಂದ ನೋಟಿಸಿಗೂ ತಾನು ಹಂಚಿನ ಮುಂದೆ ಕೂತು ಕೊಟ್ಟ ತೀರ್ಪಿಗೂ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪಂಚಾಯತಿಯವರಾದರೂ ಏಳು ದಿನ ಕೊಟ್ಟಿದ್ದರು.

"ತಪ್ಪಾತವಾ" ಎಂದಳು. "ನಂದ ತಪ್ಪಾತು. ನೀ ಸಹಿ ಮಾಡದಿದ್ರೂ ತಪ್ಪು ತಪ್ಪನ."

ದ್ರಾಕ್ಷಾಯಿಣಿ ಒಲೆ ಆರಿಸಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಎದ್ದಳು. "ಗಾಡಿ ಹೊಡೀರಿ ಮಲಿಕಣ್ಣ" ಎಂದಳು. ಆಗ ಮೂರು ಗಂಟೆ.

ಪಂಚಾಯತಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಮಲಿಕಸಾಬನ ಫೋನಿನಿಂದ ಜವಾಬು ತೆಗೆಸಿದರು. ಸುಂದರವ್ವ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ರೊಟ್ಟಿಯಷ್ಟು ದುಂಡಗೆ ಬರೆದಳು. ಅಶ್ವಿನಿ ಬರೆದು ಕಳಿಸಿದ್ದ ಹೇಳಿಕೆಗೆ ದ್ರಾಕ್ಷಾಯಿಣಿ ಸಹಿ ಹಾಕಿದಳು. ಒಳಗೆ ಗುಮಾಸ್ತ ಆದೇಶದ ಕೊನೆಯ ಹಾಳೆ ನೋಡಿ, ಮುದ್ರೆ ಎಲ್ಲಿ ಎಂದು ಕೇಳಿದ. ಅಲ್ಲಿ ಗಟ್ಟಿಯಾಗಿ ಕೂತಿದ್ದದ್ದು ನಾಲ್ಕು ಸೋಮವಾರದ ಕುಂಕುಮ. ಅವನು ಉಗುರಿನಿಂದ ಮೆಲ್ಲಗೆ ಕೆರೆದ, ಕೆಳಗಿನಿಂದ ದುಂಡನೆಯ ಅಂಚು ಇಣುಕಿತು. ಬೆರಳಿಗೆ ಅಂಟಿದ್ದನ್ನು ಅಭ್ಯಾಸಬಲದಿಂದ ಹಣೆಗೆ ಹಚ್ಚಿಕೊಂಡು, ನಾಲ್ಕೂ ಮುಕ್ಕಾಲಿಗೆ ಜವಾಬನ್ನು ದಾಖಲು ಮಾಡಿಕೊಂಡ.

ಮೂರು ವಾರದ ನಂತರ ಪಂಚಾಯತಿ ಸುಂದರವ್ವನನ್ನು ಕರೆಯಿತು. ಅವಳು ಮಾತಾಡಿದಳು. ಮಲಿಕಸಾಬ ಮಧ್ಯೆ ಕೂತು ಹಿಂದಿ ಮಾಡಿದ, ಈ ಸಲ ಕೊನೆಯ ಮಾತಿನವರೆಗೂ ಮಾಡಿದ. ತೀರ್ಮಾನ ಪೂರಾ ಅವಳ ಪರವಾಗಿ ಬರಲಿಲ್ಲ. ಅಂಗಡಿ ನಿಂತದ್ದು ರಸ್ತೆಯ ಜಾಗದಲ್ಲೇ ಎಂಬುದು ಅಳತೆಯಲ್ಲಿ ಖಚಿತವಾಯಿತು. ಆದರೆ ಹತ್ತೊಂಬತ್ತು ವರ್ಷದಿಂದ ಇರುವುದನ್ನು ಪರಿಗಣಿಸಿ, ಕೆಡವದೆ ಹಿಂದಕ್ಕೆ ಸರಿಸಿಕೊಳ್ಳಲು ಎರಡು ತಿಂಗಳು ಕೊಟ್ಟರು. ಹಿಂದೆ ಅಂದರೆ ಎಂಟು ಹೆಜ್ಜೆ, ಗೇರು ಮರದ ಬುಡ. ತೋಟದ ಮಾಲೀಕರು, ದ್ರಾಕ್ಷಾಯಿಣಿಗೆ ಕೊಟ್ಟ ಜಾಗ ಅದು, ಅವಳನ್ನೇ ಕೇಳಿಕೊಳ್ಳಿ ಎಂದುಬಿಟ್ಟರು.

ಸುಂದರವ್ವ ಮತ್ತೆ ಕುಡಚಡೆಗೆ ಹೋಗಿ, ಕೇಳಬೇಕಾದದ್ದನ್ನು ನೆಲ ನೋಡಿಕೊಂಡು ಕೇಳಿದಳು. ದ್ರಾಕ್ಷಾಯಿಣಿ ಮಿರ್ಚಿ ಸೀಳುತ್ತಲೇ, ಥೇಟ್ ಸುಂದರವ್ವನ ಗತ್ತಿನಲ್ಲಿ ತೀರ್ಪು ಕೊಟ್ಟಳು. "ಅರ್ಧಾ ನಿನಗ, ಅರ್ಧಾ ನನಗ. ನಡುವ ಶಂಕರಲಿಂಗ ಮಾವಾರ ಬಡದ ಗ್ವಾಡಿ ಇರಲಿ, ನಾನೂ ಹಿಡದೇನಿ ಅದನ್ನ. ಮಜ್ಜಿಗಿ ಮಾತ್ರ ದಿನಾ ಹೊಸಾದು ಆಗಬೇಕು ನೋಡಕ್ಕಾ."

ಅಕ್ಕಾ ಎಂದದ್ದನ್ನು ಕೇಳಿ ಸುಂದರವ್ವ ಅಲ್ಲೇ, ನಿಲ್ದಾಣದ ಮುಂದೆ, ಹೊಗೆಯ ನೆಪವನ್ನೂ ಹೇಳದೆ ಅತ್ತಳು.

ಡ್ರಮ್ಮಿನ ಹಾಳೆಗಳನ್ನು ಚಾಲಕರೆಲ್ಲ ಸೇರಿ ಬಿಚ್ಚಿ, ಹೊತ್ತು, ಹಿಂದೆ ನಿಲ್ಲಿಸಿದರು. ಈಗ ಒಂದೇ ಸೂರಿನ ಕೆಳಗೆ ಆ ಕಡೆ ರೊಟ್ಟಿ, ಈ ಕಡೆ ಮಿರ್ಚಿ, ನಡುವೆ ಆ ಗೋಡೆ. ಆದೇಶ ಮತ್ತೆ ಗೂಡು ಸೇರಿದೆ, ಕುಂಕುಮವನ್ನು ಮಾತ್ರ ಮುದ್ರೆ ಬಿಟ್ಟು ಹಚ್ಚುತ್ತಾಳೆ. ಮೊದಲ ವಾರವೇ ಮುತ್ತು ಯಾರದೋ ಮೇಲೆ ದೂರು ಹೊತ್ತುಕೊಂಡು ಬಂದು ಶುರು ಮಾಡಿದ. ಸುಂದರವ್ವ ಕೈಯಲ್ಲಿದ್ದ ಹಿಟ್ಟಿನುಂಡೆ ಕೆಳಗಿಟ್ಟು, "ಅವನ್ನ ಕರಕೊಂಡ ಬಾ, ಆಮ್ಯಾಲೆ ಹೇಳು" ಎಂದಳು.

ಮರುದಿನ ಅವಳು ಮೊಲೆಂನಿಂದ ವೆಲ್ಡಿಂಗಿನವನನ್ನು ಕರೆಸಿದಳು. ಹನ್ನೊಂದು ವರ್ಷ ಮೊಳೆ ಮುಟ್ಟದ ಗೋಡೆಯ ಮುಂದೆ ನಿಂತು, ಕೂತಾಗ ತನ್ನ ಕಿವಿ ಬರುವ ಎತ್ತರಕ್ಕೆ ಬೆರಳಿನಿಂದ ಒಂದು ಚೌಕ ಗೆರೆ ಎಳೆದು ತೋರಿಸಿದಳು. ಅವನು ಕೊಯ್ಯುವಾಗ ಮುಖ ತಿರುಗಿಸಿಕೊಂಡು ನಿಂತಿದ್ದಳು. ಶಂಕರಲಿಂಗನ ಗೋಡೆಗೆ ಕಿಟಕಿ ಬಿತ್ತು. ಬಿದ್ದ ತಕ್ಷಣ ಆ ಕಡೆಯಿಂದ ಒಂದು ಕೈ ಖಾಲಿ ಲೋಟ ಹಿಡಿದು ಒಳಗೆ ಬಂತು.

"ಇವತ್ತಿನ ಮಜ್ಜಿಗಿ ತೋರಸಕ್ಕಾ" ಎಂದಳು ದ್ರಾಕ್ಷಾಯಿಣಿ.

ಸುಂದರವ್ವ ಗಡಿಗೆಯ ಮುಚ್ಚಳ ತೆಗೆದಳು.